ಹಿತ್ತಲಿನ ಉಡಕ್ಕೆ ಹತ್ತು ಹೆಸರು ಬೇಡ

ಸಂಪಾದಕರಿಗೆ,

ಮಾನ್ಯರೇ,

ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಮಂಗಳೂರು–ಉಡುಪಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉಡದ ಫೋಟೊಗಳು ಓಡಾಡುತ್ತವೆ. ತೋಡಿನಲ್ಲಿ ಕಂಡದ್ದಕ್ಕೆ ‘ಮೊಸಳೆ ಮರಿ’ ಅಥವಾ ‘ನೀರು ಉಡ’ ಎಂಬ ಹೆಸರು, ಸೌದೆ ರಾಶಿಯಲ್ಲಿ ಕಂಡ ಚುಕ್ಕೆ ಚುಕ್ಕೆಯ ಮರಿಗೆ ‘ವಿಷದ ಉಡ’ ಎಂಬ ಪಟ್ಟ. ಇದೇ ಅಡಿಬರಹ ಒಮ್ಮೊಮ್ಮೆ ಪತ್ರಿಕೆಯ ಸ್ಥಳೀಯ ಪುಟಕ್ಕೂ ಬಂದುಬಿಡುತ್ತದೆ.

ಭಾರತದಲ್ಲಿರುವುದು 4 ಜಾತಿಯ ಉಡಗಳು. ಮರುಭೂಮಿ ಉಡ ರಾಜಸ್ಥಾನ, ಗುಜರಾತ್ ಕಡೆಯದು. ಹಳದಿ ಉಡ ಉತ್ತರದ ನದಿ ಬಯಲಿನದು. ನೀರು ಉಡವನ್ನು ನೋಡಬೇಕಾದರೆ ಸುಂದರಬನಕ್ಕೋ ಒಡಿಶಾದ ಭಿತರಕನಿಕಾಕ್ಕೋ ಅಂಡಮಾನಿಗೋ ಹೋಗಬೇಕು. ನಮ್ಮ ಹಿತ್ತಲಿಗೆ ಬರುವುದು ಬೆಂಗಾಲ್ ಉಡ ಒಂದೇ. ಅದೂ ಚೆನ್ನಾಗಿ ಈಜುತ್ತದೆ, ಮುಳುಗಿ ಕೂರುತ್ತದೆ. ಹಾಗಾಗಿ ತೋಡಿನಲ್ಲಿ ಕಂಡದ್ದೆಲ್ಲ ನೀರು ಉಡವಲ್ಲ.

ಬಣ್ಣ ನೋಡಿ ಗುರುತಿಸಲು ಹೊರಟರೆ ಎಡವುವುದು ಖಂಡಿತ. ಮರಿಯ ಕಪ್ಪು ಮೈಮೇಲೆ ತಿಳಿ ಚುಕ್ಕೆಗಳ ಸಾಲು, ಕುತ್ತಿಗೆಗೆ ಅಡ್ಡಪಟ್ಟೆ. ಬೆಳೆದಂತೆ ಎಲ್ಲವೂ ಮಾಸಿ ಬೂದು–ಕಂದು ಆಗುತ್ತದೆ. ಮುರಕಲ್ಲಿನ ಬಿಲದಿಂದ ಎದ್ದು ಬಂದರೆ ಮೈಯೆಲ್ಲ ಕೆಂಪು, ಪೊರೆ ಬಿಡುವಾಗ ತೇಪೆ ಹಾಕಿದಂತೆ. ನೋಡಬೇಕಾದದ್ದು ಮೂಗಿನ ಹೊಳ್ಳೆ. ಬೆಂಗಾಲ್ ಉಡದ ಹೊಳ್ಳೆ ಬ್ಲೇಡಿನಲ್ಲಿ ಗೀರಿದಂತೆ ಓರೆಯಾಗಿ, ಮೂತಿಯ ತುದಿಗಿಂತ ಕಣ್ಣಿಗೇ ತುಸು ಹತ್ತಿರ ಇರುತ್ತದೆ. ನೀರು ಉಡದ್ದು ದುಂಡಗೆ, ಮೂತಿಯ ತುದಿಯ ಬಳಿ. ಮೊಸಳೆಯದ್ದಂತೂ ಮೂತಿಯ ತುತ್ತತುದಿಯಲ್ಲೇ. ಆದ್ದರಿಂದ ಫೋಟೊ ತೆಗೆಯುವವರು ಮೂರ್ನಾಲ್ಕು ಮೀಟರ್ ದೂರದಲ್ಲೇ ನಿಂತು ತಲೆಯ ಪಕ್ಕದ ನೋಟವನ್ನು ಜೂಮ್ ಮಾಡಿ ತೆಗೆಯಲಿ. ಪಕ್ಕದಲ್ಲೊಂದು ಕೆಂಪುಕಲ್ಲೋ ತೆಂಗಿನಕಾಯಿಯೋ ಚಿತ್ರದೊಳಗೆ ಬಂದರೆ ಅಳತೆಯೂ ಸಿಗುತ್ತದೆ. ಇಲ್ಲದಿದ್ದರೆ ಬಾಯಿಂದ ಬಾಯಿಗೆ ಮೂರಡಿಯದ್ದು ಎಂಟಡಿಯಾಗುತ್ತದೆ. ದೊಡ್ಡ ಉಡವೂ ಬಾಲ ಸೇರಿ 175 ಸೆಂ.ಮೀ. ದಾಟುವುದು ಅಪರೂಪ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ.

ಗೇಣುದ್ದದ ಮರಿಯನ್ನು ಅರಣೆ ಎಂದುಕೊಳ್ಳುವವರೂ, ಅರಣೆಯನ್ನೇ ಉಡದ ಮರಿ ಎನ್ನುವವರೂ ಬಹಳ. ಅರಣೆಯ ಮೈ ಎಣ್ಣೆ ಸವರಿದಂತೆ ನುಣುಪು, ಕುತ್ತಿಗೆ ಇಲ್ಲವೆಂಬಷ್ಟು ದಪ್ಪ, ಬಾಲ ದುಂಡು. ಉಡದ ಮರಿಗೆ ಮಣಿ ಪೋಣಿಸಿದಂಥ ಒಣ ಚರ್ಮ, ಎದ್ದು ಕಾಣುವ ಕುತ್ತಿಗೆ, ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾದ ಬಾಲ. ಇಷ್ಟಾಗಿಯೂ ಅನುಮಾನವಿದ್ದರೆ ಒಂದು ನಿಮಿಷ ಕಾಯಿರಿ, ನಾಲಗೆ ಹೊರಬರುತ್ತದೆ. ಹಾವಿನಂತೆ ಉದ್ದಕ್ಕೆ ಚಾಚುವ ಸೀಳುನಾಲಗೆ ನಮ್ಮ ಊರಿನ ಬೇರೆ ಯಾವ ಹಲ್ಲಿಗೂ ಓತಿಗೂ ಇಲ್ಲ. ಈ ನಾಲಗೆಯೇ ವಿಷದ ಕಥೆಗೂ ಮೂಲ ಇರಬೇಕು. ಉಡದ ಕಡಿತದಿಂದ ಸಾಮಾನ್ಯವಾಗಿ ಜೀವಾಪಾಯವಿಲ್ಲ, ಆದರೆ ಗಾಯ ಕೀವಾಗಬಹುದು. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಟಿ.ಟಿ. ಚುಚ್ಚುಮದ್ದಿಗೆ ವೈದ್ಯರಲ್ಲಿಗೆ ಹೋಗಬೇಕು. ಇನ್ನು, ರಾತ್ರಿ ಹಂಚಿನ ಮಾಡಿನ ಮೇಲೆ ಸದ್ದಾದರೆ ಉಡವನ್ನು ದೂರಬೇಡಿ. ಅದು ಹಗಲಿನ ಪ್ರಾಣಿ.

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ ಉಡವಿದೆ. ಕೊಂದರೆ ಕನಿಷ್ಠ 3 ವರ್ಷ ಜೈಲು. ಹಿಡಿದು ಚೀಲದಲ್ಲಿ ಹಾಕಿ ದೂರ ಬಿಡುವುದೂ ಸಾರ್ವಜನಿಕರ ಕೆಲಸವಲ್ಲ. ಮನೆಯೊಳಗೆ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಗೆ ಹೇಳಬೇಕು. ಅಂಗಳದಲ್ಲಿದ್ದರೆ ನಾಯಿಯನ್ನು ಕಟ್ಟಿಹಾಕಿ, ಸಾಕು. ಬಾವಿಗೆ ಬಿದ್ದದ್ದು ಕೆಂಪುಕಲ್ಲಿನ ಬಾವಿಯಾದರೆ ತಾನೇ ಹತ್ತಿ ಬರುತ್ತದೆ. ಸಿಮೆಂಟು ರಿಂಗಿನಲ್ಲಿ ಉಗುರು ನಾಟದೆ ಜಾರುತ್ತದೆ, ಅಲ್ಲಿ ಉಡದ ಪಟ್ಟೂ ನಡೆಯದು. ದಪ್ಪ ನಾರಿನ ಹಗ್ಗಕ್ಕೆ ಒಣ ತೆಂಗಿನ ಮಡಲು ಕಟ್ಟಿ, ನೀರಿಗೆ ತಾಗುವಂತೆ ಇಳಿಬಿಟ್ಟು, ಮೇಲಿನ ತುದಿಯನ್ನು ಕಟ್ಟೆಗೆ ಬಿಗಿದು ಎಲ್ಲರೂ ದೂರ ಹೋಗಬೇಕು. ಜನ ಬಗ್ಗಿ ನೋಡುತ್ತಿರುವಷ್ಟು ಹೊತ್ತು ಅದು ಮೇಲೆ ಬರುವುದಿಲ್ಲ.

— ಓದುಗರು, ಉಡುಪಿ