ಕಲಬುರಗಿಯ ಬಿಸಿಲು, ಎರಡು ಬೆಕ್ಕು: ಮಗಳಿಗೊಂದು ಪತ್ರ

ತೀರ್ಥಹಳ್ಳಿ
ಭಾನುವಾರ

ಚಿ. ಸ್ಮಿತಾಳಿಗೆ ಅಪ್ಪನ ಆಶೀರ್ವಾದಗಳು.

ಸುಲ್ತಾನನ ಕೂದಲು ಪೂರ್ತಿ ಬೋಳಿಸಿಬಿಡಲಾ ಎಂದು ಕೇಳಿದ್ದೀಯ. ಬೇಡ. ಆ ಪರ್ಷಿಯನ್ ಕೂದಲಿನ ರಾಶಿ ನೋಡಿದರೆ ನೋಡುವವರಿಗೇ ಸೆಕೆ ಹತ್ತುತ್ತದೆ, ನಿಜ. ಆದರೆ ಅದು ಚಳಿಯನ್ನಷ್ಟೇ ಅಲ್ಲ, ಹೊರಗಿನ ಕಾವನ್ನೂ ಬಿಸಿಲನ್ನೂ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ತೊಂದರೆ ಕೊಡುವುದು ಉದುರಿಯೂ ಹೊರಗೆ ಬರದೆ ಸಿಕ್ಕಿಕೊಂಡ ಒಳಗೂದಲು. ಅದು ಗಂಟುಕಟ್ಟಿದರೆ ಒಳಗೆ ಗಾಳಿಯಾಡುವುದಿಲ್ಲ. ದಿನಾ ಸಂಜೆ ಬಾಚು. ಕಂಕುಳು, ಹೊಟ್ಟೆ, ಕಿವಿಯ ಹಿಂಭಾಗ ಬಿಡಬೇಡ. ಬಿಡಿಸಲಾಗದ ಗಂಟಿದ್ದರೆ ನೀನೇ ಕತ್ತರಿ ಹಿಡಿಯಬೇಡ. ಬೆಕ್ಕಿನ ಚರ್ಮ ತೀರಾ ಸಡಿಲ, ಗಂಟಿನ ಜೊತೆಗೇ ಎದ್ದು ಬರುತ್ತದೆ. ಕೂದಲೆಂದು ತೊಗಲನ್ನೇ ಕತ್ತರಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಡಾಕ್ಟರ ಹತ್ತಿರ ಮಷೀನಿನಲ್ಲಿ ತೆಗೆಸು.

ಫೋನಿನಲ್ಲಿ ನೀನು ಅರ್ಧ ಕೇಳಿ 'ಆಯ್ತಪ್ಪ' ಎಂದು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಸರ್ವೀಸೆಲ್ಲ ಪಶು ಆಸ್ಪತ್ರೆಯಲ್ಲಿ ದನ-ಎಮ್ಮೆಗಳ ನಡುವೆ ಕಳೆದವನಿಗೆ ಬೆಕ್ಕಿನ ಉಸಾಬರಿ ಯಾಕೆ ಎಂದು ನಗಬೇಡ. ಎಮ್ಮೆ ಸೆಕೆಯಾದರೆ ಕೆಸರು ಹುಡುಕಿ ಹೋಗುತ್ತದೆ, ನಾಯಿ ನಾಲಿಗೆ ಚಾಚಿ ಊರಿಗೆಲ್ಲ ಸಾರುತ್ತದೆ. ಬೆಕ್ಕು ಬಾಯಿ ಬಿಡುವ ಪ್ರಾಣಿಯಲ್ಲ. ಮಂಚದಡಿ ಹೋಗಿ ಸುಮ್ಮನೆ ಬಿದ್ದುಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಎಲ್ಲಿ ಹಿತ ಎಂದು ನೀನು ತೀರ್ಮಾನಿಸಲು ಹೋಗಬೇಡ. ಮನೆಯಲ್ಲಿ ನಾಲ್ಕು ಕಡೆ ತಂಪು ಮಾಡಿಡು, ಬೇಕಾದ ಕಡೆ ಅದೇ ಹೋಗಿ ಮಲಗಲಿ. ಎತ್ತಿಕೊಂಡು ಹೋಗಿ ಕೂಲರ್ ಮುಂದೆ ಕೂರಿಸಿದರೆ ಎರಡು ನಿಮಿಷವೂ ನಿಲ್ಲುವುದಿಲ್ಲ.

ಬೆಕ್ಕಿನ ಮೂಲವೇ ಆಫ್ರಿಕಾ, ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು, ಅದಕ್ಕೆ ಬಿಸಿಲು ಯಾವ ಮಹಾ ಎನ್ನುವವರು ಸಿಗುತ್ತಾರೆ. ಆ ಕಾಡುಬೆಕ್ಕು ಹಗಲು ಬಿಲದಲ್ಲೋ ಪೊದೆಯಲ್ಲೋ ಮಲಗಿದ್ದು ಹೊತ್ತು ಮುಳುಗಿದ ಮೇಲೆ ಬೇಟೆಗೆ ಹೊರಡುವುದು. ನಿನ್ನ ಮೂರನೇ ಮಹಡಿಯಲ್ಲಿ ಬಿಲ ಎಲ್ಲಿದೆ? ತಲೆಯ ಮೇಲೆ ಆರ್‌ಸಿಸಿ. ಹಗಲು ಕುಡಿದ ಬಿಸಿಲನ್ನು ರಾತ್ರಿಯವರೆಗೂ ಕಾರುತ್ತಿರುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಬೆಳ್ಳಿಗೆ ಇಷ್ಟದ ಆ ಸಜ್ಜಾ ಈಗ ಮನೆಯಲ್ಲೇ ಅತಿ ಕಾವಿನ ಜಾಗ. ಅದು ಅಲ್ಲಿಗೆ ಹತ್ತದಿದ್ದರೆ ಮುನಿಸಿಕೊಂಡಿದೆ ಎಂದುಕೊಳ್ಳಬೇಡ.

ಒಂದು ಅನುಕೂಲ ನಿನಗಿದೆ, ನೆಲಕ್ಕೆ ಶಹಾಬಾದ್ ಕಲ್ಲು. ಬಚ್ಚಲಿನಲ್ಲೂ ಅದೇ ಅಲ್ಲವೇ? ಬಚ್ಚಲ ಬಾಗಿಲು ತೆರೆದಿಡು, ಅಡ್ಡ ಒಂದು ಇಟ್ಟಿಗೆ ಇಡು, ಗಾಳಿಗೆ ಹಾಕಿಕೊಳ್ಳದಿರಲಿ. ಫಿನೈಲ್ ಹಾಕಿ ತೊಳೆದ ದಿನ ಮಾತ್ರ ಚೆನ್ನಾಗಿ ನೀರು ಹೊಯ್ದು ಒಣಗಿದ ಮೇಲೆಯೇ ಬಿಡು. ಕಾಲಿಗೆ ಅಂಟಿದ್ದನ್ನು ಅವು ನೆಕ್ಕುತ್ತವೆ, ಅದು ವಿಷ. ಏಪ್ರಿಲ್, ಮೇನಲ್ಲಿ ನಿಮ್ಮ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ತಾನೇ? ಹೊರಡುವ ಮೊದಲೇ ಪೂರ್ವದ ಕಿಟಕಿ ಮುಚ್ಚಿ ಪರದೆ ಎಳೆ, ಬಂದವಳೇ ಪಶ್ಚಿಮದ್ದನ್ನು ಮುಚ್ಚು. ರಾತ್ರಿ ಎಲ್ಲವನ್ನೂ ತೆರೆ, ಆದರೆ ಕಬ್ಬಿಣದ ಜಾಳಿಗೆ ಇಲ್ಲದ ಕಿಟಕಿಯನ್ನಲ್ಲ. ಸೊಳ್ಳೆಪರದೆಯ ನೈಲಾನ್ ಬಲೆ ಬೆಕ್ಕಿನ ಉಗುರಿಗೆ ಲೆಕ್ಕಕ್ಕಿಲ್ಲ, ಪಾರಿವಾಳದ ಹಿಂದೆ ಹಾರಿ ಬೀಳುತ್ತವೆ.

ಈಗ ಫ್ಯಾನಿನ ವಿಷಯ. ನಮಗೆ ಫ್ಯಾನ್ ಹಿತವಾಗುವುದು ಮೈಯೆಲ್ಲ ಬೆವರಿ ಅದು ಆರುವುದರಿಂದ. ಬೆಕ್ಕು ಬೆವರುವುದು ಹೆಚ್ಚುಕಡಿಮೆ ಅಂಗಾಲಿನಲ್ಲಿ ಮಾತ್ರ. ಮೈಯನ್ನು ಅದು ನೆಕ್ಕಿ ನೆಕ್ಕಿ ತೇವ ಮಾಡಿಕೊಳ್ಳುತ್ತದೆ, ಆ ಜೊಲ್ಲು ಆರುವಾಗ ತಂಪಾಗುತ್ತದೆ. ಒಣ ಕೂದಲಿನ ಮೇಲೆ ಫ್ಯಾನ್ ತಿರುಗಿದರೆ ಕಲಬುರಗಿಯಲ್ಲಿ ಬೀಸುವುದು ಬಿಸಿಗಾಳಿಯೇ. ಕೈ ಒದ್ದೆ ಮಾಡಿಕೊಂಡು ಅದರ ತಲೆ, ಬೆನ್ನು, ಕಿವಿ, ಪಾದ ಸವರು, ಆಮೇಲೆ ಫ್ಯಾನ್ ಕೆಲಸ ಮಾಡುತ್ತದೆ. ಕೂಲರ್ ನಿಮ್ಮ ಊರಿಗೆ ಸರಿಯಾದದ್ದು, ಒಣಹವೆಯಲ್ಲಿ ನೀರು ಬೇಗ ಆವಿಯಾಗುತ್ತದೆ. (ಮಂಗಳೂರಿನ ನಿನ್ನತ್ತೆ ಬೇಡವೆಂದರೂ ಕೇಳದೆ ಕೂಲರ್ ತಂದರು. ಆ ಕರಾವಳಿಯ ತೇವದಲ್ಲಿ ರೂಮು ತಂಪಾಗಲಿಲ್ಲ, ಹಾಸಿಗೆ ಮಾತ್ರ ಹಸಿಯಾಯಿತು.) ಕೂಲರ್ ಹಾಕಿದಾಗ ಒಂದು ಕಿಟಕಿ ತೆರೆದಿರಲಿ. ನಿನ್ನದು ತಗಡಿನ ಬಾಡಿಯದು, ಬೆಕ್ಕುಗಳು ಅದಕ್ಕೆ ಮೈ ಉಜ್ಜುತ್ತವೆ. ಅರ್ಥಿಂಗ್ ಸರಿಯಿದೆಯಾ ಎಂದು ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸು. ಕರೆಂಟ್ ಹೋದಾಗ ಗೋಣಿಚೀಲ ನೆನೆಸಿ, ಗಾಳಿ ಬರುವ ಕಿಟಕಿಗೆ ನೇತುಹಾಕು. ನೀರು ತುಂಬಿದ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಟವೆಲ್ ಸುತ್ತಿ ಮೂಲೆಯಲ್ಲಿಡು. ಬೇಕೆನಿಸಿದರೆ ಅದಕ್ಕೆ ಒರಗಿ ಮಲಗುತ್ತವೆ.

ನೀರು ಕುಡಿಯುವುದರಲ್ಲಿ ಬೆಕ್ಕು ಸೋಮಾರಿ. ನಾಲ್ಕು ಕೆಜಿ ತೂಕದ್ದಕ್ಕೆ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು, ತಿನ್ನುವುದರಲ್ಲಿ ಇರುವುದೂ ಸೇರಿ. ನೀನು ಹಾಕುವ ಒಣ ಕಾಳಿನಲ್ಲಿ ನೂರಕ್ಕೆ ಹತ್ತು ಭಾಗವೂ ನೀರು ಇರುವುದು ಕಷ್ಟ. ಪೌಚಿನ ಹಸಿ ಆಹಾರದಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ಬೇಸಿಗೆಯಲ್ಲಿ ಒಂದು ಹೊತ್ತಾದರೂ ಅದನ್ನೇ ಹಾಕು. ಇಲ್ಲವೇ ಕೋಳಿ ಬೇಯಿಸಿದ ನೀರು ಕೊಡು, ಉಪ್ಪಿಲ್ಲದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಬೆಕ್ಕಿನ ರಕ್ತಕಣಗಳನ್ನು ಅದು ಒಡೆಯುತ್ತದೆ. ಬೆಳಿಗ್ಗೆ ಬೇಗ, ರಾತ್ರಿ ತಡವಾಗಿ ಊಟ ಹಾಕು. ಬಿಟ್ಟದ್ದನ್ನು ಕೂಡಲೇ ತೆಗೆದುಬಿಡು, ಆ ಸೆಕೆಗೆ ಬೇಗ ಹಳಸುತ್ತದೆ. ನಿನ್ನಮ್ಮ ಪಕ್ಕದಲ್ಲಿ ನಿಂತು 'ಹಾಲು ಹಾಕು ಅಂತ ಬರೀರಿ' ಎನ್ನುತ್ತಿದ್ದಾಳೆ. ಬೆಳೆದ ಬೆಕ್ಕುಗಳಿಗೆ ಹಾಲು ಸಾಮಾನ್ಯವಾಗಿ ಜೀರ್ಣವಾಗುವುದಿಲ್ಲ. ಭೇದಿಯಾದರೆ ಇದ್ದ ನೀರೂ ಹೋಗುತ್ತದೆ. ನೀರನ್ನು ಅಗಲ ಬಾಯಿಯ ಮಣ್ಣಿನ ಕುಡಿಕೆಗಳಲ್ಲಿ ಮೂರ್ನಾಲ್ಕು ಕಡೆ ಇಡು, ಕಕ್ಕಸಿನ ತಟ್ಟೆಯಿಂದ ದೂರ. ಆ ತಟ್ಟೆಯ ಮೇಲೂ ಕಣ್ಣಿರಲಿ. ಸುಲ್ತಾನ ಅದರಲ್ಲಿ ಕೂತು ಮುಕ್ಕರಿದು ಒಂದು ಹನಿಯೂ ಉಚ್ಚೆ ಹೊಯ್ಯದಿದ್ದರೆ ನಾಳೆ ನೋಡೋಣ ಎನ್ನಬೇಡ, ಆ ಕ್ಷಣವೇ ಆಸ್ಪತ್ರೆಗೆ ಹೊರಡು. ನೀರು ಕಡಿಮೆಯಾದ ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು.

ಬೆಳ್ಳಿಯದು ಬೇರೆ ಸಮಸ್ಯೆ. ಬಿಳಿ ಬೆಕ್ಕಿನ ಕಿವಿ, ಮೂಗಿನ ತುದಿಯಲ್ಲಿ ಕೂದಲೂ ತೆಳು, ಬಣ್ಣವೂ ಇಲ್ಲ. ಬಿಸಿಲಿಗೆ ಸುಟ್ಟು, ವರ್ಷಗಳು ಕಳೆದಂತೆ ಅಲ್ಲೇ ಕ್ಯಾನ್ಸರ್ ಆಗುವುದುಂಟು. ಬಾಲ್ಕನಿಗೆ ಬೆಳಿಗ್ಗೆ ಒಂಬತ್ತರ ಮೇಲೆ ಬಿಡಬೇಡ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡ, ನೆಕ್ಕಿಕೊಂಡರೆ ಕಷ್ಟ.

ಇದನ್ನು ಗಮನವಿಟ್ಟು ಓದು. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಅಪಾಯ. ಸುಲ್ತಾನನ ಚಪ್ಪಟೆ ಮೂಗಿಗೆ ಇದು ಬೇಗ ಬರುತ್ತದೆ. ಜೊಲ್ಲು ಸುರಿಯುವುದು, ಒಸಡು ಕೆಂಪಾಗುವುದು, ವಾಂತಿ, ತೂರಾಡುವುದು, ಎಲ್ಲವೂ ಅದರದ್ದೇ ಲಕ್ಷಣ. ಬೆಕ್ಕಿನ ಮೈ ಸಹಜವಾಗಿಯೇ 38ರಿಂದ 39 ಡಿಗ್ರಿ ಚಿಲ್ಲರೆ ಇರುತ್ತದೆ, 40 ದಾಟಿತೆಂದರೆ ತಡಮಾಡುವಂತಿಲ್ಲ. ಕೂಡಲೇ ನೆರಳಿಗೆ ತಂದು ಮಾಮೂಲಿ ನೀರಿನಲ್ಲಿ ಕೂದಲ ಬುಡದವರೆಗೂ ನೆನೆಸಿ ಫ್ಯಾನ್ ಹಾಕು. ಮಾಮೂಲಿ ನೀರು ಎಂದೆ. ಮಧ್ಯಾಹ್ನ ನಿನ್ನ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಿಂದ ಬರುವುದು ಕೈ ಸುಡುವ ನೀರು. ದಿನಾ ಬೆಳಿಗ್ಗೆಯೇ ಒಂದು ಬಕೆಟ್ ತುಂಬಿ ಮುಚ್ಚಳ ಹಾಕಿ ನೆರಳಲ್ಲಿಡು. ಐಸ್ ನೀರು ಬೇಡ, ಚರ್ಮದ ರಕ್ತನಾಳಗಳು ಬಿಗಿದುಕೊಂಡು ಕಾವು ಒಳಗೇ ಉಳಿಯುತ್ತದೆ. ಬಾಯಿಗೆ ನೀರು ಹೊಯ್ಯಬೇಡ. ಚೇತರಿಸಿಕೊಂಡು ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸು, ಮೂತ್ರಪಿಂಡಕ್ಕೆ ಬಿದ್ದ ಪೆಟ್ಟು ಆಮೇಲೆ ಕಾಣಿಸುವುದುಂಟು. ಮೈ ಬಿಸಿಯಿದೆ ಎಂದು ಪ್ಯಾರಸಿಟಮಾಲ್ ಮಾತ್ರ ಮುಟ್ಟಬೇಡ. ನಮ್ಮ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ಅದನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗಿಲ್ಲ.

ರಜೆಗೆ ಬರುವಾಗ ಅವನ್ನು ಕರೆತರುವ ಯೋಚನೆ ಬಿಡು, ಮೇ ತಿಂಗಳ ಅಷ್ಟು ದೂರದ ಪ್ರಯಾಣ ಸುಲ್ತಾನನ ಉಸಿರಿಗೆ ಆಗದು. ಕೆಳಗಿನ ಮನೆಯ ಆಂಟಿ ದಿನಕ್ಕೆರಡು ಸಲ ಬಂದು ನೋಡುತ್ತೇನೆ ಎಂದರೆ ಅಷ್ಟೇ ಸಾಕು. ನಲ್ಲಿ ನೀರಿನ ವಿಷಯ ಅವರಿಗೂ ಹೇಳು. ಹಲಸಿನ ಹಪ್ಪಳದ ಪಾರ್ಸೆಲ್ ನಾಳೆ ಹೊರಡುತ್ತದೆ.

ಇಂತಿ,
ನಿನ್ನ ಅಪ್ಪ