ನಾಯಿಯ ಲೀಶ್ ಹಿಡಿದು ಯೂನಿಸೈಕಲ್ ಹತ್ತುವ ಮುಂಚೆ

ಪ್ರೀತಿಯ ಪುಟ್ಟಿಗೆ,

ಮನೆಯಲ್ಲಿ ಮುಧೋಳ ನಾಯಿ, ಗೋಡೆಗೊರಗಿ ಒಂದೇ ಚಕ್ರದ ಯೂನಿಸೈಕಲ್. ಎರಡನ್ನೂ ಒಟ್ಟಿಗೆ ಹೊರಡಿಸಬೇಕು ಅಂತ ನಿನಗೆ ಅನಿಸದೆ ಇರುತ್ತದೆಯೇ? ಬೇಡ ಅನ್ನುವುದಿಲ್ಲ ಕಣೇ. ಆದರೆ ಮೊದಲು ಬೀದಿನಾಯಿಗಳ ವಿಷಯ. ಅವುಗಳನ್ನು ದಾಟದೆ ಪಾರ್ಕಿನ ಗೇಟು ಸಿಗುವುದಿಲ್ಲವಲ್ಲ.

ಸಾಧಾರಣ ಸೈಕಲ್ಲು ಬೀದಿನಾಯಿಗೆ ದಿನಾ ಕಂಡದ್ದೇ. ನೀನು ಹಾಗಲ್ಲ. ಸದ್ದಿಲ್ಲದೆ ಬರುತ್ತೀಯ, ತೋಳು ಬೀಸುತ್ತಿರುತ್ತೀಯ, ನಿಂತ ಮನುಷ್ಯರಿಗಿಂತ ಹೆಚ್ಚುಕಡಿಮೆ ಒಂದು ಗೇಣು ಮೇಲಿರುತ್ತದೆ ನಿನ್ನ ತಲೆ. ಇದು ಮನುಷ್ಯಳು ಅಂತ ಅದಕ್ಕೆ ಗೊತ್ತಾಗಲು ತಡವಾಗುತ್ತದೆ. ಗೊತ್ತಾಗುವವರೆಗೆ ಬೊಗಳುತ್ತದೆ. ಹಾಗಾಗಿ ಮೂವತ್ತು ಹೆಜ್ಜೆ ದೂರದಲ್ಲೇ ಮಾತಾಡಲು ಶುರುಮಾಡು. "ಏನೋ ಮರಿ, ನಿದ್ದೆ ಆಯ್ತಾ" ಅಂದರೂ ಸಾಕು. ಹ್ಯಾಂಡಲ್ಲೇ ಇಲ್ಲದ ಗಾಡಿಗೆ ಬೆಲ್ ಎಲ್ಲಿಂದ ಬರಬೇಕು, ಗಂಟಲೇ ಬೆಲ್. ಬೇರೆಯವರು ನಾಯಿ ಹಿಡಿದು ಹೋಗುತ್ತಿದ್ದರೂ ಇದೇ ಮಾತು: ಹಿಂದಿನಿಂದ ಬರುತ್ತಿದ್ದೀನಿ ಅಂತ ಹೇಳು, ನಾಯಿ ಇರುವ ಪಕ್ಕ ಬಿಟ್ಟು ಯಜಮಾನರ ಪಕ್ಕದಿಂದ ದಾಟು.

ಓಡಿ ತಪ್ಪಿಸಿಕೊಳ್ಳುವ ಯೋಚನೆ ಬಿಟ್ಟುಬಿಡು. ನಿನ್ನದು 24 ಇಂಚಿನ ಚಕ್ರ, ಒಂದು ಸುತ್ತಿಗೆ 1.9 ಮೀಟರ್. ನಿಮಿಷಕ್ಕೆ 90 ಸುತ್ತು ತುಳಿದರೂ ಗಂಟೆಗೆ 10 ಕಿ.ಮೀ. ಮಾತ್ರ. ನಾಯಿಗೆ ಅದು ಓಟವೇ ಅಲ್ಲ. ಸೈಕಲ್ಲಿನ ಹಾಗೆ ಕಾಲು ಮೇಲೆತ್ತಿ ಜಾರಿಕೊಂಡು ಹೋಗುವ ಹಾಗೂ ಇಲ್ಲ. ಚಕ್ರದ ನಡುವಿನ ಹಬ್‌ಗೂ ಪೆಡಲ್‌ಗೂ ನೇರ ಜೋಡಣೆ, ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ತಿರುಗುವ ಕಣಕಾಲೇ ನಾಯಿಯ ಬಾಯಿಗೆ ಮೊದಲು ಸಿಗುವುದು.

ಆದ್ದರಿಂದ ಇಳಿ, ಬೇಗ ಇಳಿ. ಅದೂ ಹಿಂದಕ್ಕೆ. ಅವಸರಕ್ಕೆ ಎಲ್ಲರೂ ಮುಂದಕ್ಕೆ ಹಾರುತ್ತಾರೆ, ಆಗ ಯೂನಿಸೈಕಲ್ ಹಿಂದೆ ಧಡಾರನೆ ಬಿದ್ದು ನಾಯಿ ಇನ್ನೂ ಕೆರಳುತ್ತದೆ, ಅದಕ್ಕೂ ನಿನಗೂ ಮಧ್ಯೆ ಏನೂ ಉಳಿಯುವುದಿಲ್ಲ. ವೇಗ ಇಳಿಸು, ಒಂದು ಕೈಯಲ್ಲಿ ಸೀಟಿನ ಮುಂದಿನ ಹಿಡಿ ಹಿಡಿದುಕೋ. ಒಂದು ಪೆಡಲ್ ಕೆಳಕ್ಕೆ ಬಂದಾಗ ಭಾರವೆಲ್ಲ ಅದರ ಮೇಲೆ ಬಿಟ್ಟು, ಇನ್ನೊಂದು ಕಾಲನ್ನು ಹಿಂದಕ್ಕೆ ನೆಲಕ್ಕೆ ಇಡು. ಚಕ್ರ ನಿನ್ನ ಮುಂದೆ ನಿಲ್ಲುತ್ತದೆ, ಅದೇ ಬೇಲಿ. ನಾಯಿಯ ಕಣ್ಣಲ್ಲಿ ಕಣ್ಣಿಡಬೇಡ, ಬೆನ್ನೂ ತೋರಿಸಬೇಡ. ಚಕ್ರವನ್ನು ನಾಯಿಯ ಕಡೆಗೇ ಇಟ್ಟುಕೊಂಡು ಓರೆಯಾಗಿ ನಡೆದು ಅವುಗಳ ಸರಹದ್ದು ದಾಟು. ಎರಡು ಕಾಲು ನೆಲಕ್ಕೆ ತಾಗಿ ಮನುಷ್ಯರ ದನಿ ಕೇಳಿದರೆ ಬಹುಪಾಲು ನಾಯಿಗಳು ಅಲ್ಲಿಗೇ ಬಿಡುತ್ತವೆ. ಓಡಿಸಿಕೊಂಡು ಬಂದ ನಾಯಿಗೆ ಬಿಸ್ಕತ್ತು ಎಸೆಯಬೇಡ, ಓಡಿಸಿದರೆ ಬಿಸ್ಕತ್ತು ಸಿಗುತ್ತದೆ ಅಂತ ಕಲಿತುಕೊಳ್ಳುತ್ತದೆ. ಪರಿಚಯ ಮಾಡಿಕೊಳ್ಳಬೇಕಾದರೆ ಯೂನಿಸೈಕಲ್ ತಳ್ಳಿಕೊಂಡು ಅದೇ ದಾರಿಯಲ್ಲಿ ಕೆಲವು ದಿನ ಸುಮ್ಮನೆ ನಡೆ.

ಕಸದ ರಾಶಿ, ಮಾಂಸದಂಗಡಿಯ ಮುಂದೆ ಯಾವಾಗಲೂ ಇಳಿದೇ ಹೋಗು. ಮಾಗಿ ಚಳಿಯಲ್ಲಿ ಮರಿ ಹಾಕಿದ ತಾಯಿನಾಯಿ ಇದ್ದರೆ ಆ ಗಲ್ಲಿಯನ್ನೇ ಬಿಡು, ಅದಕ್ಕೆ ಯಾವ ಉಪಾಯವೂ ನಡೆಯುವುದಿಲ್ಲ.

ಹಲ್ಲು ತಾಗಿದರೆ, ಉಗುರು ಗೀರಿ ಚರ್ಮ ತರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆ. ಅರಿಶಿನ, ಸುಣ್ಣ, ಖಾರದಪುಡಿ ಅಂತ ಅಕ್ಕಪಕ್ಕದವರು ಹೇಳುವುದು ಯಾವುದೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗು. ಚರ್ಮಕ್ಕೆ ಕೊಡುವ ರೇಬೀಸ್ ಲಸಿಕೆಯಾದರೆ 0, 3, 7, 28ನೇ ದಿನ, ಸ್ನಾಯುವಿಗಾದರೆ 0, 3, 7, 14, 28. ರಕ್ತ ಬಂದಿದ್ದರೆ ಗಾಯದೊಳಗೂ ಸುತ್ತಲೂ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಚುಚ್ಚುಮದ್ದು ಕೂಡ ಬೇಕು, ಅವರು ಮರೆತರೆ ನೀನೇ ಕೇಳು. ನಾಯಿಯ ಕಿವಿತುದಿ ಕತ್ತರಿಸಿದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ. ಈ ವರ್ಷದ ರೇಬೀಸ್ ಲಸಿಕೆ ಆಗಿದೆ ಅಂತ ಅಲ್ಲ.

ಇನ್ನು ನಿನ್ನ ನಾಯಿ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಅಳಿಲು ಕಂಡರೆ ಕೆಲವೇ ನೆಗೆತಕ್ಕೆ ಪೂರ್ತಿ ವೇಗ. ತಲೆ ಸಪೂರ, ಹಿಂದಕ್ಕೆ ಜಗ್ಗಿದರೆ ಕತ್ತಿನ ಪಟ್ಟಿಯಿಂದ ಜಾರಿಕೊಳ್ಳುತ್ತದೆ. ಎದೆಗೆ ಹಾಕುವ ಹಾರ್ನೆಸ್ಸೇ ಬೇಕು. ಎಳೆದಷ್ಟೂ ಬಿಚ್ಚಿಕೊಳ್ಳುವ ಸುರುಳಿ ಲೀಶ್ ಬೇಡವೇ ಬೇಡ.

ಲೀಶ್ ಉದ್ದ 1.2 ಮೀಟರ್ ಇರಲಿ. ಕಾರಣ ಲೆಕ್ಕದಲ್ಲಿದೆ: ನಿನ್ನ ಹಬ್ ನೆಲದಿಂದ 30 ಸೆಂ.ಮೀ. ಮೇಲೆ, ಕ್ರ್ಯಾಂಕ್, ಅಂದರೆ ಪೆಡಲ್ ಕೂರಿಸಿದ ತೋಳು, 15 ಸೆಂ.ಮೀ. ಇದ್ದರೆ ಪೆಡಲ್ 15ರಿಂದ 45 ಸೆಂ.ಮೀ. ಎತ್ತರದವರೆಗೆ ಸುತ್ತುತ್ತಿರುತ್ತದೆ. ಲೀಶ್ ಜೋತುಬಿದ್ದು ಆ ಸುತ್ತಿಗೆ ಸಿಕ್ಕಿತೋ, ಕ್ರ್ಯಾಂಕ್ ಅದನ್ನು ಸುತ್ತಿಕೊಳ್ಳುತ್ತದೆ, ನೀನೂ ನಾಯಿಯೂ ಒಟ್ಟಿಗೆ ಬೀಳುತ್ತೀರಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ನಾಯಿಯನ್ನು ಪಕ್ಕ ನಿಲ್ಲಿಸಿ ನೋಡು: ಜೋಲು ನೆಲದಿಂದ 50 ಸೆಂ.ಮೀ.ಗಿಂತ ಕೆಳಗಿಳಿಯಬಾರದು. ಮುಳ್ಳುಮುಳ್ಳಿನ ಲೋಹದ ಪೆಡಲ್ ತೆಗೆದು ಪ್ಲಾಸ್ಟಿಕ್ಕಿನದು ಹಾಕು, ಆ ಮುಳ್ಳು ತಾಗಿದರೆ ನಾಯಿಯ ಕಾಲು ಹರಿಯುತ್ತದೆ.

ಲೀಶಿನ ಕುಣಿಕೆಯೊಳಗೆ ಮಣಿಕಟ್ಟು ತೂರಿಸಬೇಡ, ಸೊಂಟಕ್ಕೂ ಸೀಟಿಗೂ ಕಟ್ಟಬೇಡ. ಮಡಚಿ ಬೆರಳಲ್ಲಿ ಹಿಡಿ, ಮುಷ್ಟಿ ಬಿಚ್ಚಿದರೆ ಕಳಚಬೇಕು. ಆ ಕೈ ಸೊಂಟದ ಹತ್ತಿರವೇ ಇರಲಿ. ಕೈ ಚಾಚಿದಷ್ಟೂ ಪಕ್ಕದ ಎಳೆತಕ್ಕೆ ಭುಜ ತಿರುಗಿ, ಚಕ್ರವೂ ನಾಯಿಯ ಕಡೆಗೇ ತಿರುಗುತ್ತದೆ. ಮುಂದಕ್ಕೆ ಎಳೆದರೆ ಎರಡು ಸುತ್ತು ಜೋರಾಗಿ ತುಳಿದು ಚಕ್ರವನ್ನು ಮೈಯಡಿಗೆ ತಂದುಕೊಳ್ಳಬಹುದು. ಕೆಟ್ಟದ್ದು ಹಿಂದಿನ ಎಳೆತ: ಕಂಬ ಮೂಸಲು ನಾಯಿ ಗಕ್ಕನೆ ನಿಂತಾಗ. ಆಗ ಕೈ ಬಿಡುವುದೊಂದೇ ದಾರಿ.

ಇಲ್ಲೇ ನನ್ನ ಷರತ್ತೂ ಇದೆ. ಲೀಶ್ ಬಿಡಲೇಬೇಕಾದ ಆಟ ಇದು ಅಂದಮೇಲೆ, ಬಿಟ್ಟರೆ ನಾಯಿ ವಾಹನಕ್ಕೆ ಸಿಗುವ ಜಾಗದಲ್ಲಿ ಇದನ್ನು ಆಡುವ ಹಾಗಿಲ್ಲ. ರಸ್ತೆಯಲ್ಲಿ ಯೂನಿಸೈಕಲ್ ತಳ್ಳಿಕೊಂಡು, ನಾಯಿಯನ್ನು ಎಡಕ್ಕಿಟ್ಟುಕೊಂಡು ನಡೆ. ಕಾಂಪೌಂಡ್ ಇರುವ, ಗೇಟು ಮುಚ್ಚಿದ ಮೈದಾನದಲ್ಲಿ ಮಾತ್ರ ಹತ್ತು.

ಕಲಿಸುವಾಗ ಆತುರ ಬೇಡ. ಮೊದಲು ಯೂನಿಸೈಕಲ್ ನೆಲದ ಮೇಲೆ ಮಲಗಿರಲಿ, ಅದು ಮೂಸಲಿ, ತಿಂಡಿ ಕೊಡು. ಆಮೇಲೆ ಪಕ್ಕದಲ್ಲಿ ತಳ್ಳಿಕೊಂಡು ನಡೆ. ಮೂರನೆಯದಾಗಿ ಯಾರಾದರೂ ಲೀಶ್ ಹಿಡಿದಿರಲಿ, ನೀನು 10 ಮೀಟರ್ ದೂರದಲ್ಲಿ ಓಡಿಸು. ನಾಯಿ ಗಾಬರಿಯಿಲ್ಲದೆ ಆರಾಮಾಗುವವರೆಗೆ ಹತ್ತಿರ ತರಬೇಡ. "ನಿಲ್ಲು", "ಬಿಡು" ಎರಡಕ್ಕೂ ಮಾತು ಕೇಳಿದ ಮೇಲೆಯೇ ಲೀಶ್ ನಿನ್ನ ಕೈಗೆ, ಅದೂ 50 ಮೀಟರ್ ಮಾತ್ರ. ಹತ್ತುವಾಗ ನಾಯಿ ಒಂದು ಮೀಟರ್ ಎಡಕ್ಕೆ ಕೂತಿರಬೇಕು, ಆ ಗಳಿಗೆಯಲ್ಲಿ ಪೆಡಲ್ ಹಿಂದಕ್ಕೆ ಹೊರಳುತ್ತದೆ, ಹತ್ತಿರವಿದ್ದರೆ ಮೂತಿಗೆ ಬಡಿಯುತ್ತದೆ.

ನಾಯಿಗೆ ಒಂದೂವರೆ ವರ್ಷ ತುಂಬುವವರೆಗೆ ಓಡಿಸಬೇಡ, ಎಲುಬು ಬಲಿತಿರುವುದಿಲ್ಲ. ಊಟವಾಗಿ ಎರಡು ಗಂಟೆ ಕಳೆಯಲಿ. ಕಾಂಕ್ರೀಟಿನ ಮೇಲೆ ಅಂಗೈ ಹಿಂಬದಿ ಏಳು ಸೆಕೆಂಡ್ ಇಡಲಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ.

ನಿನ್ನ ಕ್ರ್ಯಾಂಕ್ 15 ಸೆಂ.ಮೀ. ಅಂತ ನಾನು ಅಂದಾಜಿನ ಮೇಲೆ ಬರೆದಿದ್ದೇನೆ. ಅದರ ಒಳಮೈಯಲ್ಲಿ 125, 150 ಅಂತ ಮಿ.ಮೀ. ಲೆಕ್ಕದಲ್ಲಿ ಏನಾದರೂ ಅಚ್ಚಾಗಿರುತ್ತದೆ, ನೋಡಿ ತಿಳಿಸು. 125 ಆದರೆ ಪೆಡಲ್ ಎರಡೂವರೆ ಸೆಂ.ಮೀ. ಕಡಿಮೆ ಎತ್ತರಕ್ಕೆ ಬರುತ್ತದೆ, ಲೀಶ್ ಚೂರು ಹೆಚ್ಚು ಉದ್ದ ಇದ್ದರೂ ನಡೆಯುತ್ತದೆ.

ಇಂತಿ,
ನಿನ್ನ ಅಮ್ಮ