ಕ್ಯಾಲೆಂಡರ್ ಹಾಳೆಯ ಹಿಂದೆ ಹಾಕಬೇಕಾದ ಲೆಕ್ಕ

ಡರ್ಬಿ
ಇಂಗ್ಲೆಂಡ್
30 ಅಕ್ಟೋಬರ್ 2022, ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ನಾವು ಮೂವರೂ ಚೆನ್ನಾಗಿದ್ದೇವೆ. ಇವತ್ತು ಬೆಳಗಿನ ಜಾವ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಇನ್ನು ಮಾರ್ಚ್ ಕೊನೆಯವರೆಗೆ ನಿಮಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ತಿಪಟೂರಿನಲ್ಲಿ ಎಲ್ಲರೂ ಮಲಗಿರುತ್ತೀರಿ. ಫೋನ್ ಬರಲಿಲ್ಲ ಅಂತ ಅಮ್ಮ ಬೇಜಾರು ಮಾಡಿಕೊಳ್ಳಬೇಡ.

ಅಪ್ಪ, ಮೊನ್ನೆ ನೀವು ಕೇಳಿದಿರಿ: "ಎರಡು ತಿಂಗಳಲ್ಲಿ ಮೂರು ಪ್ರಧಾನಿ ನೋಡಿದ ದೇಶದಲ್ಲಿ ಮನೆ ಯಾಕೆ ತಗೋತೀಯ? ಸ್ವಲ್ಪ ತಡಿ." ಅಷ್ಟರಲ್ಲಿ ಪುಟ್ಟಿ ಫೋನ್ ಕಿತ್ತುಕೊಂಡಳು. ನಿಮಗೆ ಯಾವ ಲೆಕ್ಕವೂ ಕಾಗದದ ಮೇಲೆ ಕಂಡರೇ ಸಮಾಧಾನ. ಕೊಬ್ಬರಿ ಲೆಕ್ಕ ಹಾಕುವ ಹಾಗೆ ಕ್ಯಾಲೆಂಡರ್ ಹಾಳೆಯ ಹಿಂದೆ ಇದನ್ನೂ ಹಾಕಿ ನೋಡಿ.

ಮನೆ ಒಪ್ಪಿಗೆಯಾಗಿದ್ದು ಸೆಪ್ಟೆಂಬರ್ ಮೊದಲ ವಾರ. ಬೆಲೆ 2,45,000 ಪೌಂಡ್. ನಮ್ಮ ಕೈಯಿಂದ 24,500, ಉಳಿದಿದ್ದು ಬ್ಯಾಂಕ್ ಸಾಲ. 30 ವರ್ಷಕ್ಕೆ ಶೇ. 4.2 ಬಡ್ಡಿ ಅಂದರೆ ತಿಂಗಳಿಗೆ 1,078 ಪೌಂಡ್ ಕಂತು. ಸಾಲ ಕೊಡುತ್ತೇವೆ ಅಂತ ಬ್ಯಾಂಕಿನವರು ಚೀಟಿ ಕೊಟ್ಟಿದ್ದರು. ಆದರೆ ಅದು ಬಾಯಿಮಾತಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ಬಡ್ಡಿ ದರ ಇನ್ನೂ ನಿಗದಿಯಾಗಿರಲಿಲ್ಲ. ಪೂರ್ತಿ ಅರ್ಜಿಯನ್ನು ಆ ತಿಂಗಳ ಕೊನೆಯ ವಾರ ಹಾಕೋಣ ಅಂತ ಸುಮ್ಮನಿದ್ದೆವು. ಆ ಒಂದು ವಾರದ ಸೋಮಾರಿತನಕ್ಕೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಸೆಪ್ಟೆಂಬರ್ 23ರ ಶುಕ್ರವಾರ ಪ್ರಧಾನಿ ಲಿಜ್ ಟ್ರಸ್ ಸರ್ಕಾರದ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಸಣ್ಣ ಬಜೆಟ್ ಅಂತ ಒಂದನ್ನು ಓದಿದರು. ಸುಮಾರು 45 ಬಿಲಿಯನ್ ಪೌಂಡ್ ತೆರಿಗೆ ಕಡಿತ. ಆ ದುಡ್ಡು ಎಲ್ಲಿಂದ ತರುತ್ತೇವೆ ಅಂತ ಮಾತ್ರ ಹೇಳಲಿಲ್ಲ. ಮೊದಲೇ ಸಾಲದಲ್ಲಿರುವವರು ಊರಿಗೆಲ್ಲ ಊಟ ಹಾಕಿ ಮದುವೆ ಮಾಡುತ್ತೇವೆ ಅಂದರೆ ಸಾಲ ಕೊಡುವವರು ಏನು ಮಾಡುತ್ತಾರೆ? ಬಡ್ಡಿ ಏರಿಸುತ್ತಾರೆ. ಇಲ್ಲಿ ಸರ್ಕಾರದ ಸಾಲದ ಬಡ್ಡಿ ಏರಿದರೆ ಮನೆ ಸಾಲದ ಬಡ್ಡಿಯೂ ಹಿಂದೆಯೇ ಏರುತ್ತದೆ. ಸೋಮವಾರ ಪೌಂಡ್ ಡಾಲರ್ ಎದುರು 1.03ರ ಹತ್ತಿರಕ್ಕೆ ಬಿತ್ತು. ಹಿಂದೆ ಯಾವತ್ತೂ ಅಷ್ಟು ಬಿದ್ದಿರಲಿಲ್ಲ. ಬುಧವಾರ ಬ್ಯಾಂಕ್ ಆಫ್ ಇಂಗ್ಲೆಂಡ್, ಅಂದರೆ ಇಲ್ಲಿನ ರಿಸರ್ವ್ ಬ್ಯಾಂಕ್, ತಾನೇ ಸರ್ಕಾರದ ಸಾಲಪತ್ರ (ಬಾಂಡ್) ಕೊಳ್ಳಲು ಇಳಿಯಬೇಕಾಯಿತು.

ಮಂಗಳವಾರ ನಮಗೆ ಸಾಲ ಹುಡುಕಿಕೊಡುವ ಬ್ರೋಕರ್ ಫೋನ್ ಮಾಡಿದರು. "ನೀವು ನೋಡಿದ್ದ ಸಾಲ ಈಗ ಇಲ್ಲ." ಬಡ್ಡಿ ಜಾಸ್ತಿ ಆಗಿದೆ ಅಂತಲ್ಲ, ಸಾಲವೇ ಇಲ್ಲ! ಬೆಳಿಗ್ಗೆ ಇದ್ದ ನೂರಾರು ಸಾಲ ಯೋಜನೆಗಳನ್ನು ಬ್ಯಾಂಕುಗಳು ಸಂಜೆಗೆ ತೆಗೆದುಹಾಕಿದ್ದವು. ವಾರ ಕಳೆದು ಮತ್ತೆ ಬಂದಾಗ ಬಡ್ಡಿ ಶೇ. 6.2. ಅದೇ ಮನೆಗೆ ಅದೇ ಸಾಲ, ಕಂತು ಮಾತ್ರ 1,350. ತಿಂಗಳಿಗೆ 272 ಪೌಂಡ್ ಜಾಸ್ತಿ, ನಮ್ಮ ದುಡ್ಡಲ್ಲಿ ಸುಮಾರು 25 ಸಾವಿರ.

ಇದರಲ್ಲಿ ಒಂದು ತಮಾಷೆಯೂ ಇದೆ. ಅದೇ ಬಜೆಟ್ಟಿನಲ್ಲಿ ಮನೆ ಕೊಳ್ಳುವವರಿಗೆ ಸ್ಟಾಂಪ್ ಡ್ಯೂಟಿ ಕಡಿಮೆ ಮಾಡಿದರು. ಆದರೆ ಮೊದಲ ಮನೆ ಕೊಳ್ಳುವವರಿಗೆ 3 ಲಕ್ಷ ಪೌಂಡ್‌ವರೆಗೆ ಅದು ಮೊದಲೇ ಇರಲಿಲ್ಲ. ನಮಗೆ ಕೊಟ್ಟಿದ್ದು ಸೊನ್ನೆ, ಕಿತ್ತುಕೊಂಡಿದ್ದು ತಿಂಗಳಿಗೆ 272.

ಮುಂದಿನದು ನಿಮಗೆ ಟಿವಿಯಲ್ಲೇ ಗೊತ್ತು. ಅಕ್ಟೋಬರ್ 14ಕ್ಕೆ ಕ್ವಾರ್ಟೆಂಗ್ ಮನೆಗೆ, 17ಕ್ಕೆ ಹೊಸ ಮಂತ್ರಿ ಜೆರೆಮಿ ಹಂಟ್ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ತೆಗೆದುಕೊಂಡರು, 20ಕ್ಕೆ ಟ್ರಸ್ ರಾಜೀನಾಮೆ. ಒಂದು ಪತ್ರಿಕೆಯವರು ಲೆಟ್ಯೂಸ್ ಸೊಪ್ಪಿಗೆ ಟೋಪನ್ ಹಾಕಿ ಕ್ಯಾಮೆರಾ ಮುಂದೆ ಕೂರಿಸಿದ್ದರು, ಟ್ರಸ್ ಮೊದಲು ಹೋಗುತ್ತಾರೋ ಸೊಪ್ಪು ಮೊದಲು ಬಾಡುತ್ತದೋ ನೋಡೋಣ ಅಂತ. ಸೊಪ್ಪೇ ಗೆದ್ದಿತು. ಪುಟ್ಟಿ ದಿನಾ ಬೆಳಿಗ್ಗೆ ಅದನ್ನೇ ನೋಡುತ್ತಿದ್ದಳು.

ಅಮ್ಮ, ನೀನು ಗ್ರಹಣದ ದಿನ ಯಾವುದಕ್ಕೂ ಸಹಿ ಹಾಕಬೇಡ ಅಂದಿದ್ದೆ. ನಾವು ಹಾಕಲಿಲ್ಲ. ಆದರೆ 25ರ ಬೆಳಿಗ್ಗೆ ಇಲ್ಲಿ ಸೂರ್ಯನಿಗೆ ಸ್ವಲ್ಪ ಗ್ರಹಣ ಹಿಡಿದಿದ್ದ ಹೊತ್ತಿನಲ್ಲೇ ರಿಷಿ ಸುನಕ್ ರಾಜರನ್ನು ನೋಡಲು ಹೋದರು! ಅವತ್ತಿನಿಂದ ಊರಿನವರದೆಲ್ಲ ಒಂದೇ ಮೆಸೇಜು: "ನಾರಾಯಣಮೂರ್ತಿಯವರ ಅಳಿಯನೇ ಪ್ರಧಾನಿ, ಇನ್ನು ನಿಮಗೇನು ಚಿಂತೆ?" ಪ್ರಧಾನಿ ಬೆಂಗಳೂರಿನವರ ಅಳಿಯನಾದರೆ ಡರ್ಬಿಯಲ್ಲಿ ಬಡ್ಡಿ ಇಳಿಯುತ್ತದೆಯೇ? ಆದರೂ ಒಂದು ಮಾತು ಒಪ್ಪಬೇಕು. ಟ್ರಸ್ ಹೇಳುತ್ತಿರುವ ತೆರಿಗೆ ಕಡಿತದಿಂದ ಮನೆ ಸಾಲದ ಬಡ್ಡಿ ಏರುತ್ತದೆ ಅಂತ ಸುನಕ್ ಬೇಸಿಗೆಯಲ್ಲೇ ಹೇಳಿದ್ದರು. ಆಗ ಅವರ ಪಕ್ಷದವರು ಕೇಳಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ತಡೆಯುವುದಕ್ಕೂ ಖರ್ಚಿದೆ ಅಪ್ಪ. ಬಾಡಿಗೆ 950 ಇದ್ದಿದ್ದು ಜನವರಿಯಿಂದ 1,075 ಅಂತ ಮನೆ ಮಾಲೀಕರು ಹೇಳಿಯಾಗಿದೆ. ಅದೂ ಒಂದು ವರ್ಷದ ಮಾತು. ಕೊಬ್ಬರಿಯನ್ನು ಬೆಲೆ ಬರುವ ತನಕ ಅಟ್ಟದ ಮೇಲೆ ಇಡಬಹುದು, ಸಂಸಾರವನ್ನು ಇಡೋಕಾಗಲ್ಲ.

ಇಲ್ಲಿ ನಮ್ಮ ಹಾಗೆ ಅಡ್ವಾನ್ಸ್ ಕೊಟ್ಟು ಕರಾರು ಪತ್ರ ಮಾಡಿಕೊಳ್ಳುವ ಪದ್ಧತಿ ಇಲ್ಲ. ಎರಡೂ ಕಡೆ ವಕೀಲರು ಸಹಿ ಹಾಕಿದ ಕರಾರು ಪತ್ರಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವ ತನಕ ಯಾರು ಬೇಕಾದರೂ ಕೈ ಎತ್ತಬಹುದು. ಕಳೆದ ತಿಂಗಳವರೆಗೆ ಇದೇ ನಮ್ಮ ಭಯವಾಗಿತ್ತು, ಯಾರೋ ಜಾಸ್ತಿ ಕೊಟ್ಟು ಹೊಡೆದುಕೊಂಡು ಹೋದರೆ ಅಂತ. ಈ ತಿಂಗಳು ಅದೇ ಅನುಕೂಲವಾಯಿತು. ಮಾರುವವರು ಮಗಳ ಊರಿಗೆ ಹೋಗಲು ಕಾಯುತ್ತಿರುವ ಅಜ್ಜಿ. ಹೊಸ ಬಡ್ಡಿಯ ಕಾಗದ ತೋರಿಸಿ, ಹಿಂದಿನ ಗೋಡೆಯ ತೇವದ ವರದಿಯನ್ನೂ ಇಟ್ಟು ಕೇಳಿದೆವು. 2,37,000ಕ್ಕೆ ಒಪ್ಪಿದರು. ವಯಸ್ಸಾದವರ ಹತ್ತಿರ ಚೌಕಾಸಿ ಮಾಡಿದ್ದು ನನಗೆ ಅಷ್ಟು ಸರಿಬರಲಿಲ್ಲ. ಆದರೂ ಮಾಡಿದೆ.

ಹೀಗಾಗಿ ಸಾಲ 2,12,500. 35 ವರ್ಷಕ್ಕೆ ಹಾಕಿ, ಬಡ್ಡಿ ಶೇ. 6.1ಕ್ಕೆ ಕಟ್ಟಿಹಾಕಿದರೆ ಕಂತು 1,226. ಇನ್ನೊಂದು ದಾರಿ, ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಜೊತೆ ಏರಿಳಿಯುವ ಸಾಲ. ಈಗ ಆ ದರ 2.25, ನಮಗೆ ಬೀಳುವುದು 3.6, ಕಂತು 890. ಮೂರನೇ ತಾರೀಕು ದರ ಮತ್ತೆ ಏರಿಸುತ್ತಾರೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಇವರು 890 ನೋಡಿ ಕುಣಿದರು. ನಾನು ಉಲ್ಟಾ ಲೆಕ್ಕ ಹಾಕಿದೆ. ದರ 5ಕ್ಕೇ ಹೋಯಿತು ಅಂತ ಇಟ್ಟುಕೊಳ್ಳಿ, ಆಗ ಕಂತು 1,262. ಅಷ್ಟು ಕಟ್ಟಲು ಆಗುತ್ತದೆಯೇ? ಕಷ್ಟ, ಆದರೆ ಆಗುತ್ತದೆ. ಅದಕ್ಕೇ ಏರಿಳಿಯುವ ಸಾಲವನ್ನೇ ತೆಗೆದುಕೊಂಡಿದ್ದೇವೆ, ಯಾವಾಗ ಬೇಕಾದರೂ ದಂಡವಿಲ್ಲದೆ ಬಿಡಬಹುದಾದದ್ದು. ಆದರೆ ಮೊದಲ ತಿಂಗಳಿಂದಲೇ 1,226 ಕಟ್ಟುತ್ತಿದ್ದೇವೆ ಅಂತಲೇ ಬದುಕುವುದು. ಮಿಕ್ಕಿದ್ದು ಬೇರೆ ಖಾತೆಗೆ. ಆ ಖಾತೆಯ ಕಾರ್ಡ್ ನನ್ನ ಹತ್ತಿರ.

ಪೌಂಡ್ ಬಿದ್ದಿದೆ, ತೋಟದ ಪಕ್ಕದ ಒಂದೆಕರೆ ಮಾರಿ ಈಗಲೇ ಕಳಿಸುತ್ತೇನೆ ಅಂದಿರಿ. ದಯವಿಟ್ಟು ಬೇಡ. ಪೌಂಡ್ ಆಗಲೇ ಎದ್ದು ಕೂತಿದೆ. ತೆಂಗಿನ ಮರ ಏಳುವುದಕ್ಕೆ ಎಷ್ಟು ವರ್ಷ ಬೇಕು ಅಂತ ನಾನು ನಿಮಗೆ ಹೇಳಬೇಕೇ?

ಇನ್ನೊಂದು. ನೀವು ಮನೆ ಕಟ್ಟಿದ್ದು ಯಾವಾಗ ಅಪ್ಪ? 1991. ರಾಜೀವ್ ಗಾಂಧಿ ಹತ್ಯೆಯಾದ ವರ್ಷ, ಜುಲೈನಲ್ಲಿ ರೂಪಾಯಿ ಬೆಲೆ ಎರಡು ಸಲ ಇಳಿಸಿದ ವರ್ಷ. ದೇಶ ಅಡವಿಟ್ಟ ಸುಮಾರು 47 ಟನ್ ಚಿನ್ನ ಬಂದಿದ್ದೂ ಇದೇ ಬ್ಯಾಂಕ್ ಆಫ್ ಇಂಗ್ಲೆಂಡಿಗೆ. ಕಬ್ಬಿಣಕ್ಕೆ ದುಡ್ಡು ಸಾಲದೆ ಒಂದು ವರ್ಷ ಶೀಟ್ ಹೊದಿಸಿಕೊಂಡು ಇದ್ದೆವು, ಮಳೆ ಬಂದರೆ ಕಾಯಿ ಸುಲಿದ ಹಾಗೆ ಸದ್ದು ಅಂತ ಅಮ್ಮನೇ ಹೇಳುತ್ತಾಳೆ. ಆಗ ನಿಮಗೆ ತಾತ "ಸ್ವಲ್ಪ ತಡಿ" ಅನ್ನಲಿಲ್ಲವೇ?

ಅಮ್ಮನಿಗೆ ವಾಸ್ತು. ಇಲ್ಲಿ ಹಿತ್ತಲು ದಕ್ಷಿಣಕ್ಕಿದ್ದರೆ ಬಿಸಿಲು ಜಾಸ್ತಿ ಅಂತ ಬೆಲೆಯೂ ಜಾಸ್ತಿ. ನಮ್ಮದು ಹಾಗೇ ಇದೆ. ಅಂದರೆ ಮುಂಬಾಗಿಲು ಉತ್ತರಕ್ಕೆ, ಕುಬೇರನ ಕಡೆಗೆ. ಈ ಸಾಲ ನೋಡಿದರೆ ಅವನ ಅಗತ್ಯವೂ ಇದೆ. ಕೀ ಸಿಗುವುದು ಡಿಸೆಂಬರ್ ಮೂರನೇ ವಾರ ಇರಬಹುದು, ಇಲ್ಲಿ ಹೆಚ್ಚಾಗಿ ಶುಕ್ರವಾರವೇ ಕೊಡುತ್ತಾರೆ. ಆದರೆ ಅಷ್ಟೊತ್ತಿಗೆ ಧನುರ್ಮಾಸ ಶುರುವಾಗಿರುತ್ತದೆ. ಬಾಡಿಗೆ ಮನೆ ಜನವರಿ 7ಕ್ಕೆ ಬಿಡಬೇಕು. ಸಾಮಾನು ಮೊದಲೇ ಸಾಗಿಸಿ, ಸಂಕ್ರಾಂತಿ ಕಳೆದ ಮೇಲೆ ಹಾಲು ಉಕ್ಕಿಸಿದರೆ ನಡೆಯುತ್ತದೆಯೇ? ಭಟ್ಟರನ್ನು ಕೇಳಿ ತಿಳಿಸಮ್ಮ. ಅಡುಗೆಮನೆಯಲ್ಲಿ ಹೊಗೆಗೆ ಕೂಗುವ ಅಲಾರಾಂ ಇದೆ, ಹಾಲು ಎಷ್ಟು ಉಕ್ಕಿದರೆ ಸಾಕು ಅಂತಲೂ ಕೇಳು.

ನಿಮ್ಮ ಮಗಳು